ಖಾಸೀಮಸಾಬನ ಹದಿನಾಲ್ಕು ಹೆಜ್ಜೆ

"ಗುರುಗಳೇ, ನಾನು ಇನ್ನು ಬೇರೆಯವರಿಗೆ ಕಲಿಸಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಯಾವ ಪಾಠವನ್ನು ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಹೊಳೆಯಾಚೆಯ ಊರಿನವರು ತಮಗೊಬ್ಬ ಗುರು ಬೇಕೆಂದು ಕೇಳಿಕೊಂಡು ಬಂದಿದ್ದರು.

ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಕುಳಿತುಕೊ" ಎಂದು ಹೇಳಿ ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಖಾಸೀಮಸಾಬ ಎಂಬ ಮೊಬೈಲ್ ರಿಪೇರಿಯವನಿದ್ದ. ಒಡೆದ ಗಾಜು ಬದಲಿಸುವುದು, ಬ್ಯಾಟರಿ ಹಾಕುವುದು ಎಲ್ಲ ರಿಪೇರಿಯವರಿಗೂ ಬರುತ್ತಿತ್ತು. ಖಾಸೀಮಸಾಬನಿಗೆ ಇನ್ನೊಂದು ಕೆಲಸ ಬರುತ್ತಿತ್ತು. ಫೋನು ಹಳೆಯದಾದರೆ ಅದನ್ನು ಮಾಡಿದ ಕಂಪನಿ ಹೊಸ ಸಾಫ್ಟ್‌ವೇರ್ ಕಳಿಸುವುದನ್ನು ನಿಲ್ಲಿಸುತ್ತದೆ. ಯಂತ್ರ ಗಟ್ಟಿಯಾಗಿಯೇ ಇರುತ್ತದೆ. ಒಳಗಿನದು ಮಾತ್ರ ತೆವಳತೊಡಗುತ್ತದೆ. ಅಂಥ ಫೋನಿಗೆ ಕಂಪನಿ ಹಾಕಿದ ಬೀಗವನ್ನು ಅವನು ತೆಗೆಯುತ್ತಿದ್ದ. ಹಳೆಯ ಸಾಫ್ಟ್‌ವೇರನ್ನು ಪೂರ್ತಿ ಅಳಿಸಿ, ಎಲ್ಲೆಲ್ಲಿಯದೋ ಹವ್ಯಾಸಿಗಳು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಹೊಸದನ್ನು ಕೂರಿಸುತ್ತಿದ್ದ. ಬೇಕೆಂದವರಿಗೆ ರೂಟ್ ಕೂಡ ಮಾಡಿಕೊಡುತ್ತಿದ್ದ. ರೂಟ್ ಆದ ಫೋನಿನ ಮೇಲೆ ಕಂಪನಿಯ ಅಧಿಕಾರ ಉಳಿಯುವುದಿಲ್ಲ, ಇಟ್ಟುಕೊಂಡವನೇ ಅದಕ್ಕೆ ಪೂರ್ತಿ ಒಡೆಯ.

ಅದು ಅಪಾಯದ ಕೆಲಸ. ನಡುವೆ ಕಂಪ್ಯೂಟರಿಗೆ ಜೋಡಿಸಿದ ತಂತಿ ಅಲುಗಿದರೆ, ಅಥವಾ ಬೇರೆ ಮಾದರಿಯ ಫೈಲು ಹಾಕಿದರೆ, ಫೋನು ಮತ್ತೆ ಏಳುವುದಿಲ್ಲ. ಖಾಸೀಮಸಾಬ ಮುನ್ನೂರು ಫೋನುಗಳಿಗೆ ಈ ಕೆಲಸ ಮಾಡಿದ್ದ. ಒಂದೂ ಕೆಟ್ಟಿರಲಿಲ್ಲ.

ಸುತ್ತಲಿನ ಊರುಗಳ ರಿಪೇರಿಯವರು ಅವನ ಬಳಿ ಬಂದು ಕಲಿಸಿಕೊಡು ಎಂದರು. ಅವನು ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವವನಲ್ಲ. ಎರಡು ವಾರ ಕುಳಿತು, ತನಗೆ ಗೊತ್ತಿದ್ದದ್ದನ್ನೆಲ್ಲ ಹದಿನಾಲ್ಕು ಹೆಜ್ಜೆಗಳಾಗಿ ಬರೆದ. ಯಾವ ತಂತಿ, ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ಮಾದರಿಯ ನಂಬರಿನ ಕೊನೆಯ ಅಕ್ಷರವನ್ನು ಎಲ್ಲಿ ನೋಡಬೇಕು, ಎಲ್ಲವೂ ಅದರಲ್ಲಿತ್ತು. ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ಗೆಳೆಯನೊಬ್ಬನನ್ನು ತನ್ನ ಅಂಗಡಿಯಲ್ಲೇ ಕೂರಿಸಿ, ಕಾಗದ ನೋಡಿಕೊಂಡು ಒಂದು ಫೋನನ್ನು ಸರಿಮಾಡು ಎಂದ. ಗೆಳೆಯ ಯಾರನ್ನೂ ಕೇಳದೆ ಮಾಡಿ ಮುಗಿಸಿದ. ಖಾಸೀಮಸಾಬ ಕಾಗದವನ್ನು ಝೆರಾಕ್ಸ್ ಮಾಡಿಸಿ ಹಂಚಿದ.

ಆ ಕಾಗದ ಅಡಿವೆಪ್ಪ ಎಂಬ ರಿಪೇರಿಯವನಿಗೂ ಸಿಕ್ಕಿತು. ಅವನ ಅಂಗಡಿ ಎರಡು ತಾಸಿನ ಬಸ್ಸಿನ ದಾರಿಯಲ್ಲಿದ್ದ ಇನ್ನೊಂದು ಊರಿನಲ್ಲಿತ್ತು. ಅಡಿವೆಪ್ಪ ನಿಧಾನದ ಮನುಷ್ಯ. ಒಂದೊಂದು ಹೆಜ್ಜೆ ಮುಗಿದಾಗಲೂ ಪೆನ್ಸಿಲಿನಿಂದ ಗುರುತು ಹಾಕಿಯೇ ಮುಂದಿನದಕ್ಕೆ ಹೋಗುತ್ತಿದ್ದ. ಹೀಗೆ ಹತ್ತೊಂಬತ್ತು ಫೋನು ಸರಿಮಾಡಿದ. ಹತ್ತೊಂಬತ್ತೂ ಚೆನ್ನಾಗಿ ನಡೆದವು.

ಇಪ್ಪತ್ತನೆಯದು ಲಗಮವ್ವನ ಫೋನು.

ಲಗಮವ್ವ ಕುರಿಗಾರರ ಹೆಂಗಸು. ಅವಳೂ ಅವಳ ಗಂಡನೂ ವರ್ಷದಲ್ಲಿ ಎಂಟು ತಿಂಗಳು ನೂರಾ ಅರವತ್ತು ಕುರಿಗಳನ್ನು ಹೊಡೆದುಕೊಂಡು ಊರಿಂದ ಊರಿಗೆ ಅಲೆಯುತ್ತಿದ್ದರು. ಬಯಲಿನಲ್ಲೇ ಬಿಡಾರ. ಅಲ್ಲಿ ಕರೆಂಟು ಇರುವುದಿಲ್ಲ. ಈಗಿನ ಫೋನುಗಳ ಬ್ಯಾಟರಿ ಬಿಚ್ಚಲು ಬರುವುದಿಲ್ಲ. ಅವಳ ಹಳೆಯ ಫೋನಿನದು ಬರುತ್ತಿತ್ತು. ತುಂಬಿದ ಬ್ಯಾಟರಿ ನಾಲ್ಕನ್ನು ಕುದುರೆಯ ಹೇರಿನಲ್ಲಿ ಕಟ್ಟಿಕೊಂಡು ಹೊರಟರೆ ಹದಿನೈದು ದಿನ ನಡೆಯುತ್ತಿತ್ತು. ಅದಕ್ಕೇ ಅವಳು ಆ ಫೋನನ್ನು ಬಿಟ್ಟಿರಲಿಲ್ಲ. ಆದರೆ ಅದು ಈಚೆಗೆ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು, ತೆರೆದದ್ದು ನಡುವೆಯೇ ಆರಿಹೋಗುತ್ತಿತ್ತು.

ಅಡಿವೆಪ್ಪ ಫೋನನ್ನು ತಿರುಗಿಸಿ ನೋಡಿ ಹೇಳಿದ: "ಹೊಸಾದ್ರಂಗ ಮಾಡಿ ಕೊಡ್ತೀನ್ರಿ ಯಕ್ಕಾ. ಆದ್ರ ಬೀಗ ತೆಗೆದ ಕೂಡಲೆ ಇದರಾಗ ಇದ್ದದ್ದೆಲ್ಲಾ ಅಳಿಸಿ ಹೋಗ್ತೈತಿ. ಫೋಟೊ, ನಂಬರು, ಮೆಸೇಜು ಮೊದಲ ತೆಗೆದಿಟ್ಟು ತಿರುಗಿ ಹಾಕ್ತೀನಿ. ನಡೀತೈತಿ?"

"ಫೋಟೊ ಹೋದ್ರ ಹೋಗವಲ್ಲದ್ಯಾಕ. ಮ್ಯಾಪು ಲಗೂನ ತೆರೀಬೇಕು ನೋಡ್ರಿ," ಎಂದಳು ಲಗಮವ್ವ.

"ಮ್ಯಾಪು ಇದಕ್ಕಿಂತ ಚಲೋದು ಹಾಕ್ತೀನಿ," ಎಂದ ಅಡಿವೆಪ್ಪ.

ಎರಡನೆಯ ಹೆಜ್ಜೆಯಲ್ಲಿ ಫೋಟೊ, ನಂಬರು, ಮೆಸೇಜುಗಳನ್ನು ತೆಗೆದಿಡಬೇಕು ಎಂದಿತ್ತು. ಅವನು ಎಲ್ಲವನ್ನೂ ತೆಗೆದಿಟ್ಟ. ಹದಿನಾಲ್ಕನೆಯ ಹೆಜ್ಜೆಯಲ್ಲಿ ತಿರುಗಿ ಹಾಕಿದ. ಸಂಜೆ ಲಗಮವ್ವ ಬಂದಳು. ಫೋನು ಮುಟ್ಟಿದ ಕೂಡಲೆ ತೆರೆಯಿತು. ಅವಳು ನಕ್ಕು, ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದಳು.

ಲಗಮವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಆರು ವರ್ಷದಿಂದ ಅವಳು ಫೋನಿನ ಮ್ಯಾಪಿನಲ್ಲಿ ಬಣ್ಣದ ಚುಕ್ಕಿ ಇಡುತ್ತಿದ್ದಳು. ಕುಡಿಯುವ ನೀರು ಇದ್ದಲ್ಲಿ ನೀಲಿ. ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸಲು ಕರೆಯುವ ರೈತರ ಹೊಲಕ್ಕೆ ಹಸಿರು. ಹೋಗಬಾರದ ಜಾಗಕ್ಕೆ ಕೆಂಪು. ನಾನೂರಕ್ಕೂ ಹೆಚ್ಚು ಚುಕ್ಕಿಗಳಿದ್ದವು. ಗಂಡ ಮುಂದೆ ಹಿಂಡು ನಡೆಸುತ್ತಿದ್ದ. ಅವಳು ಕುದುರೆಯ ಜೊತೆ ಹಿಂದೆ ಬರುತ್ತ, ಚುಕ್ಕಿ ನೋಡಿ ದಾರಿ ಹೇಳುತ್ತಿದ್ದಳು.

ಮರುದಿನ ಹಿಂಡು ಹೊರಟಿತು. ಲಗಮವ್ವ ಮ್ಯಾಪು ತೆರೆದಳು. ರಸ್ತೆಗಳಿದ್ದವು, ಹಳ್ಳಗಳಿದ್ದವು. ಚುಕ್ಕಿಗಳಿರಲಿಲ್ಲ. ಮೊದಲಾದರೆ ಫೋನಿನಲ್ಲಿ ಎಲ್ಲವೂ ತಡವಾಗಿಯೇ ಬರುತ್ತಿತ್ತು. ಇದೂ ನಿಧಾನವಾಗಿ ಬಂದೀತು ಎಂದು ಅವಳು ಕಾದಳು. ಎರಡು ದಿನ ಹಾದಿ ಬಾಯಿಪಾಠವೇ ಆಗಿತ್ತು, ತೊಂದರೆಯಾಗಲಿಲ್ಲ. ಮೂರನೆಯ ದಿನ ರಸ್ತೆ ಕೆಲಸ ನಡೆದಿದ್ದರಿಂದ ಸುತ್ತಿ ಬರಬೇಕಾಯಿತು. ಎದುರಿಗೆ ಎರಡು ನೀರಿನ ಜಾಗ ಕಂಡವು. ಒಂದು ಕೆರೆ, ಒಂದು ಕಲ್ಲು ತೆಗೆದ ಹಳೆಯ ಕ್ವಾರಿ. ಕ್ವಾರಿಯಲ್ಲೂ ನೀರು ತುಂಬಿ, ಅಂಚಿನಲ್ಲಿ ಹುಲ್ಲು ಬೆಳೆದು ಅದೂ ಕೆರೆಯ ಹಾಗೇ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಆ ಕ್ವಾರಿಗೆ ಒಂದು ಕುರಿ ಜಾರಿ ಬಿದ್ದಿತ್ತು, ಆಗಲೇ ಅವಳು ಅಲ್ಲಿ ಕೆಂಪು ಚುಕ್ಕಿ ಇಟ್ಟಿದ್ದಳು. ಎರಡರಲ್ಲಿ ಕ್ವಾರಿ ಯಾವ ಕಡೆಯದು ಎಂದು, ಬೇರೆ ದಿಕ್ಕಿನಿಂದ ಬಂದ ಅವಳಿಗೆ ತಿಳಿಯಲಿಲ್ಲ.

"ಯಾವ ಕಡೆ?" ಎಂದು ಗಂಡ ಮುಂದಿನಿಂದ ಕೂಗಿ ಕೇಳಿದ.

"ಎಡಕ," ಎಂದಳು.

ಬಾಯಾರಿದ ಕುರಿಗಳು ಓಡಿದವು. ಮುಂದಿನವು ಅಂಚಿನಲ್ಲಿ ನಿಂತರೂ ಹಿಂದಿನವು ನಿಲ್ಲಲಿಲ್ಲ. ಒಂಬತ್ತು ಕುರಿಗಳು ನೀರಿಗೆ ಬಿದ್ದವು. ಆಳ ಬಹಳವಿತ್ತು. ಹತ್ತಲು ಇಳಿಜಾರು ಇರಲಿಲ್ಲ. ಗಂಡ ಹಗ್ಗ ಕಟ್ಟಿಕೊಂಡು ಇಳಿದು ಒಂದನ್ನು ಮೇಲೆ ತಂದ. ಉಳಿದವು ಕಣ್ಣೆದುರೇ ಮುಳುಗಿದವು.

ನಾಲ್ಕು ದಿನದ ಮೇಲೆ ಲಗಮವ್ವ ಬಸ್ಸು ಹತ್ತಿ ಅಡಿವೆಪ್ಪನ ಅಂಗಡಿಗೆ ಬಂದಳು. ಜಗಳಕ್ಕೆ ಬಂದಿರಲಿಲ್ಲ.

"ನನ್ನ ಚುಕ್ಕಿ ಎಲ್ಲಿ ತೆಗೆದಿಟ್ಟೀರಿ? ಹಾಕಿ ಕೊಡ್ರಿ," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ನಡೆದದ್ದನ್ನೂ ಹೇಳಿದಳು. ಅಡಿವೆಪ್ಪ ಸುಳ್ಳು ಹೇಳಲಿಲ್ಲ. ಆ ಚುಕ್ಕಿಗಳು ಫೋಟೊಗಳ ಜೊತೆ ಇರುವಂಥವಲ್ಲ, ಮ್ಯಾಪಿನ ಒಳಗೇ ಇದ್ದವು, ಅಳಿಸಿಹೋದವು, ಇನ್ನು ಬರುವುದಿಲ್ಲ ಎಂದ. ಮೊದಲೇ ಗೊತ್ತಿದ್ದರೆ ಅವನ್ನು ತೆಗೆದಿಡಲು ಎರಡು ನಿಮಿಷದ ಕೆಲಸವಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ.

ಲಗಮವ್ವ ಫೋನನ್ನು ಮತ್ತೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಆಮೇಲೆ "ನೀವು ಕೇಳಿದ್ರ ಹೇಳ್ತಿದ್ನಿ," ಎಂದು ಹೇಳಿ ಹೋದಳು.

ಅಡಿವೆಪ್ಪ ಅಂಗಡಿ ಮುಚ್ಚಿ ಖಾಸೀಮಸಾಬನ ಊರಿಗೆ ಹೋದ. ಗುರುತು ಹಾಕಿದ ಕಾಗದವನ್ನು ಅವನ ಮುಂದಿಟ್ಟು, "ನಾ ಯಾವ ಹೆಜ್ಜಿ ತಪ್ಪೀನಿ, ತೋರಿಸ್ರಿ," ಎಂದ.

ಖಾಸೀಮಸಾಬ ಎಲ್ಲವನ್ನೂ ಕೇಳಿ, ಕಾಗದವನ್ನು ಎರಡು ಸಲ ಓದಿದ. "ಯಾವುದೂ ತಪ್ಪಿಲ್ಲ."

"ಹಂಗಾರ ನಿಮ್ಮ ಕಾಗದದಾಗ ತಪ್ಪೈತಿ."

ಖಾಸೀಮಸಾಬನಿಗೆ ಸಿಟ್ಟು ಬಂತು. "ಮುನ್ನೂರು ಫೋನು ರಿಪೇರಿ ಮಾಡೀನಿ. ಒಬ್ಬರದೂ ಒಂದು ಗುಲಗಂಜಿಯಷ್ಟೂ ಹೋಗಿಲ್ಲ. ಅದ ಹದಿನಾಲ್ಕು ಹೆಜ್ಜಿ. ಹದಿನೈದನೇದ್ದು ನನಗ ಗೊತ್ತಿಲ್ಲ."

"ಗೊತ್ತಿಲ್ಲಂದ್ರ ನಾ ಕೂತು ನೋಡ್ತೀನಿ," ಎಂದು ಅಡಿವೆಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತ.

ಎರಡು ದಿನ ಗಾಜು ಒಡೆದ ಫೋನುಗಳೇ ಬಂದವು. ಮೂರನೆಯ ದಿನ ಒಬ್ಬ ಟೇಲರ್ ತನ್ನ ಹಳೆಯ ಫೋನು ತಂದ. ಖಾಸೀಮಸಾಬ ಕಂಪ್ಯೂಟರ್ ಹಚ್ಚಲಿಲ್ಲ. ಟೇಲರನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಚಹಾ ತರಿಸಿದ. ಮಳೆಯ ಮಾತಾಯಿತು, ಮಗಳ ಮದುವೆಯ ಮಾತಾಯಿತು. ನಡುವೆ, "ಇದರಾಗ ದಿನಾ ಏನೇನು ನೋಡ್ತೀರಿ?" ಎಂದ. ಟೇಲರ್ ಫೋನನ್ನು ಕೈಗೆ ತೆಗೆದುಕೊಂಡು ಹಾಡು ತೋರಿಸಿದ, ಅಲಾರಂ ತೋರಿಸಿದ. ಆಮೇಲೆ ಒಂದು ಪುಟ ತೆರೆದು, "ಗಿರಾಕಿಗಳ ಅಳತಿ ಎಲ್ಲಾ ಇಲ್ಲೇ ಅದಾವ. ಇದು ಹೋದ್ರ ನಾ ಅಂಗಡಿ ಮುಚ್ಚಬೇಕ," ಎಂದ. ಖಾಸೀಮಸಾಬ ಹೂಂಗುಡುತ್ತ ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಏನೋ ಗೀಚಿದ. ಚಹಾ ಮುಗಿದ ಮೇಲೆ ಕಾಗದ ತೆಗೆದು ಒಂದನೆಯ ಹೆಜ್ಜೆ ಶುರು ಮಾಡಿದ.

"ಈಗ ಮಾಡಿದ್ದು ಏನದು?" ಎಂದ ಅಡಿವೆಪ್ಪ.

"ಇನ್ನೂ ಏನೂ ಮಾಡಿಲ್ಲ. ಈಗ ಶುರು ಮಾಡಾಕತ್ತೀನಿ."

"ಅಲ್ಲ, ಅವರ ಕೂಡ ಮಾತಾಡಿದ್ದು."

"ಅದು ಕೆಲಸ ಏನು? ಮನುಷ್ಯಾ ಬಂದ್ರ ಮಾತಾಡಸಬೇಕಲ್ಲ. ನಮ್ಮಪ್ಪ ಸೈಕಲ್ ಅಂಗಡ್ಯಾಗ ಹಿಂಗ ಮಾಡ್ತಿದ್ದ."

"ಕೈಯಾಗಿನ ಚೀಟಿ ಯಾತರದು?"

ಖಾಸೀಮಸಾಬ ತನ್ನ ಕೈ ನೋಡಿಕೊಂಡ. 'ಅಳತೆ' ಎಂದು ಬರೆದ ಚೀಟಿ ಅಲ್ಲಿತ್ತು. ಪ್ರತಿ ಸಲವೂ ಅವನು ಅಂಥದೊಂದು ಚೀಟಿ ಬರೆದಿದ್ದ, ಅದನ್ನು ನೋಡಿ ಫೋನಿನಿಂದ ಆಯಾ ಮಾಹಿತಿ ತೆಗೆದಿಟ್ಟಿದ್ದ, ಕೆಲಸ ಮುಗಿದ ಮೇಲೆ ಮುದುರಿ ಎಸೆದಿದ್ದ. ಗೆಳೆಯನನ್ನು ಕೂರಿಸಿ ಕಾಗದ ಪರೀಕ್ಷಿಸಿದ ದಿನ ಆ ಫೋನಿನವರೊಡನೆ ಚಹಾ ಕುಡಿಯುತ್ತ ಕುಳಿತು, ಚೀಟಿ ಬರೆದು, ಬೇಕಾದದ್ದನ್ನು ತೆಗೆದಿಟ್ಟವನು ತಾನೇ ಎಂಬುದು ಅವನಿಗೆ ಆಗ ನೆನಪಾಯಿತು.

ಮರುದಿನ ಇಬ್ಬರೂ ಲಗಮವ್ವನ ಬಿಡಾರ ಹುಡುಕಿಕೊಂಡು ಹೋದರು. ಕಟಾವಾದ ಜೋಳದ ಹೊಲದಲ್ಲಿ ಹಿಂಡು ಇತ್ತು. ಖಾಸೀಮಸಾಬ ಅವಳ ಎದುರು ನಿಂತು, "ತಪ್ಪು ಇವನದಲ್ಲವ್ವಾ, ನಂದು," ಎಂದ. ಅವಳ ಗಂಡ ಮುಖ ತಿರುಗಿಸಿಕೊಂಡು ಕುರಿಗಳ ಕಡೆ ಹೋದ. ಲಗಮವ್ವ ಕಂಬಳಿ ಹಾಸಿದಳು. ಮೂವರೂ ಕುಳಿತರು. ಅವಳು ನೆನೆಸಿಕೊಂಡು ಹೇಳುತ್ತ ಹೋದಳು. ಅವರು ಚುಕ್ಕಿ ಇಡುತ್ತ ಹೋದರು. ಮೊದಲ ಚುಕ್ಕಿ ಕ್ವಾರಿಯದು. ಎರಡು ದಿನದಲ್ಲಿ ಇನ್ನೂರ ಹತ್ತು ಚುಕ್ಕಿಗಳಾದವು. ಉಳಿದವು ಅವಳಿಗೆ ನೆನಪಾಗಲಿಲ್ಲ.

ಊರಿಗೆ ಬಂದು ಖಾಸೀಮಸಾಬ ಕಾಗದದ ತಲೆಗೆ ಇನ್ನೊಂದು ಸಾಲು ಸೇರಿಸಿದ: ಫೋನಿನಲ್ಲಿ ಕಳೆದುಕೊಳ್ಳಬಾರದ್ದು ಏನಿದೆ ಎಂದು ಗಿರಾಕಿಯನ್ನು ಕೇಳಿರಿ. ಎಲ್ಲರಿಗೂ ಮತ್ತೆ ಹಂಚಿದ. ತಿಂಗಳ ಮೇಲೆ ಅಡಿವೆಪ್ಪ ಬಂದು, "ಕೇಳ್ತೀನಿ. ಎಲ್ಲಾರೂ 'ಏನಿಲ್ಲ' ಅಂತಾರ," ಎಂದ.

ಖಾಸೀಮಸಾಬ ಯೋಚಿಸಿದ. ಅದಾದ ಮೇಲೆ ಅವನು ಕಾಗದ ಹಂಚುವುದನ್ನು ಬಿಟ್ಟ. ಕಲಿಯಬೇಕೆಂದು ಬಂದವರನ್ನು ಒಂದು ತಿಂಗಳು ಬೆಂಚಿನ ಮೇಲೆ ಕೂರಿಸುತ್ತಿದ್ದ. ಕಲಿತು ಹೊರಡುವವರಿಗೆ ಅವನು ಒಂದೇ ಪ್ರಶ್ನೆ ಕೇಳುತ್ತಿದ್ದನಂತೆ. ಉತ್ತರ ಕೊಟ್ಟವರನ್ನು ಮಾತ್ರ ಕಳಿಸುತ್ತಿದ್ದನಂತೆ.

ಗುರುಗಳು ಕತೆ ನಿಲ್ಲಿಸಿದರು.

"ಯಾವ ಪ್ರಶ್ನೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

"ನಾನು ದಿನಾ ಮಾಡುವುದರಲ್ಲಿ, ಪಾಠವಾಗಿ ನಿನಗೆ ಹೇಳಿಕೊಡದ ಒಂದನ್ನು ಹೇಳು," ಎಂದು ಗುರುಗಳು ಅವನನ್ನೇ ಕೇಳಿದರು.