ಫಕೀರವ್ವನ ಪ್ಲಾಸ್ಟಿಕ್ ಚೀಲ

ಖಾನಾವಳಿ ನಡೆಸುವ ಫಕೀರವ್ವ ಬೆಳಗಾವಿಗೆ ಹೊಸಬಳು. ವಿಮಾನ ನಿಲ್ದಾಣದ ಹೊರಗೆ ಬಸ್ಸು ಕಾಣಲಿಲ್ಲ. ಇದ್ದದ್ದು ಒಂದೇ ಟ್ಯಾಕ್ಸಿ.

"ಬಜಾರಕ್ಕ ಬಿಡ್ತೀನಿ. ಓಡಿದಷ್ಟು ಕಿಲೋಮೀಟರಿಗೆ ರೊಕ್ಕ. ಯಾವ ದಾರಿ ಅಂತ ನಡುವ ಬಾಯಿ ಹಾಕಬ್ಯಾಡ್ರಿ," ಎಂದ ಚಾಲಕ, ಮೀಸೆ ತಿರುವುತ್ತ.

ಇವನು ಊರೆಲ್ಲ ಸುತ್ತಿಸದೆ ಬಿಡುವ ಆಸಾಮಿಯಲ್ಲ ಅಂತ ಅವಳಿಗೆ ಅಲ್ಲೇ ಅನುಮಾನ ಬಂತು. ಆದರೂ ಹತ್ತಿ ಕೂತಳು. ಸೀಟಿಗೆ ಹಾಲಿನಂಥ ಬಿಳಿ ಕವರು, ಹೊಚ್ಚ ಹೊಸದು. ಕೈಯಿಂದ ಸವರಿ ನೋಡಿದಳು.

"ತಮ್ಮಾ, ಒಂದು ಪ್ಲಾಸ್ಟಿಕ್ ಚೀಲ ಐತೇನು?"

"ಯಾಕ್ರೀ ಅವ್ವಾರ?"

"ಕಾರಿನ್ಯಾಗ ಕುಂತ್ರ ನನಗ ವಾಂತಿ. ಜಲ್ದಿ ಮುಟ್ಟಿಸಿದ್ರ ತಡ್ಕೋತೀನಿ. ತಡ ಆತಂದ್ರ ನನ್ನ ಕೈಯಾಗಿಲ್ಲ."

ಚಾಲಕನ ಕೈ ಮೀಸೆಯಿಂದ ಇಳಿಯಿತು. ಚೀಲ ಇರಲಿಲ್ಲ. ಗಾಡಿ ಬಿಟ್ಟ. ಒಂದು ಕಡೆ ಬಜಾರದ ಫಲಕ ಬಿಟ್ಟು ಬೈಪಾಸಿನತ್ತ ಹೊರಳಿಸಲು ನೋಡಿದ. ಹಿಂದಿನಿಂದ "ಉವ್ವೇ" ಎಂಬ ಸದ್ದು ಬಂತು. ಗಾಡಿ ತಟ್ಟನೆ ಸೀದಾ ರಸ್ತೆಗೆ ಮರಳಿತು.

ಬಜಾರದಲ್ಲಿ ಇಳಿದ ಫಕೀರವ್ವ ರೊಕ್ಕ ಕೊಟ್ಟು, ಗಂಟು ಬಿಚ್ಚಿ ಶೇಂಗಾ ಉಂಡಿಯೊಂದನ್ನು ಬಾಯಿಗೆ ಹಾಕಿಕೊಂಡಳು. ಚಾಲಕ ಕಣ್ಣು ಕಣ್ಣು ಬಿಟ್ಟ.

"ಅವ್ವಾರ, ವಾಂತಿ ಅಂದ್ರಲ್ಲ?"

"ತಗೋ ತಮ್ಮಾ, ನೀನೂ ಒಂದು ತಿನ್ನು. ಸುತ್ತು ದಾರಿಗಷ್ಟ ನನಗ ಹೊಟ್ಟಿ ತೊಳಸ್ತೈತಿ."