ಲೋಟದೊಳಗಿನ ಗೆರೆ

"ಗುರುಗಳೇ, ಕೆಲಸ ಕೊಡುವ ಮಾಲೀಕ ಒಳ್ಳೆಯವನೋ ಕೆಟ್ಟವನೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ನಿರಂಜನ ಕೇಳಿದ.

ಗುರುಗಳು ಅವನಿಗೆ ವಿಮಾನ ಹಾರಿಸಲು ಕಲಿಸಿದವರು. ಪರವಾನಗಿ ಕೈಗೆ ಬಂದು ವರ್ಷಗಳಾದರೂ ಅವನಿಗೆ ಕೆಲಸ ಸಿಕ್ಕಿರಲಿಲ್ಲ. ಹೋದಲ್ಲೆಲ್ಲ ಅನುಭವ ಕೇಳುತ್ತಿದ್ದರು. ಅನುಭವ ಬರಬೇಕಾದರೆ ಯಾರಾದರೂ ಹಾರಿಸಲು ವಿಮಾನ ಕೊಡಬೇಕಿತ್ತು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ತನಗಾಗಿಯೇ ಹುಟ್ಟಿದ್ದು ಎಂದು ಗೆಳೆಯರೊಡನೆ ನಗುತ್ತಿದ್ದ. ಈಚೆಗೆ ಆ ನಗುವೂ ನಿಂತಿತ್ತು. ಅಷ್ಟರಲ್ಲಿ ಒಬ್ಬ ಮಾಲೀಕ ಅನುಭವದ ಮಾತನ್ನೇ ಎತ್ತದೆ, ನಾಳೆಯೇ ಬಾ ಎಂದಿದ್ದ.

"ಕೇಳಿದ್ದಕ್ಕೆಲ್ಲ ಹೂಂ ಅಂದರು ಗುರುಗಳೇ. ಎಷ್ಟು ಹುಡುಕಿದರೂ ಅವರಲ್ಲಿ ಒಂದು ಕೊರತೆಯೂ ಕಾಣಲಿಲ್ಲ," ಎಂದ ನಿರಂಜನ.

ಕೇಳಿದ್ದು ಪ್ರಶ್ನೆಯಾದರೂ ಅವನಿಗೆ ಬೇಕಾಗಿದ್ದದ್ದು ಆಶೀರ್ವಾದ. ಗುರುಗಳು ಅದನ್ನು ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಬಳಿ ಒಂದು ಹಳೆಯ ಸಣ್ಣ ವಿಮಾನವಿತ್ತು. ಜಾಹೀರಾತಿನ ಬಟ್ಟೆಯನ್ನು ಬಾಲದಂತೆ ಕಟ್ಟಿಕೊಂಡು ಊರ ಮೇಲೆ ಸುತ್ತುವುದು ಅದರ ಕೆಲಸ. ಮಳೆಯಿರಲಿ ಬಿಸಿಲಿರಲಿ, ಬಯಲಲ್ಲೇ ನಿಂತಿರುತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿ ಮಳೆನೀರು ಒಳಗಿಳಿಯುತ್ತಿತ್ತು. ಮುಚ್ಚಳ ಬದಲಿಸಿ ಎಂದು ಹೇಳಿ ಹೇಳಿ ಬೇಸತ್ತು ಮೊದಲಿನ ಪೈಲಟ್ ಕೆಲಸ ಬಿಟ್ಟ. ಅನುಭವವಿದ್ದ ಬೇರೆ ಯಾರೂ ಆ ವಿಮಾನ ಹತ್ತಲು ಒಪ್ಪಲಿಲ್ಲ. ಹಾಗಾಗಿ ವ್ಯಾಪಾರಿಗೆ ಅನುಭವವಿಲ್ಲದವನೇ ಬೇಕಾದ.

ಅಂಥವನು ಒಬ್ಬ ಸಿಕ್ಕಿದ. ಮೊದಲ ದಿನ ಮಗ ಹಾರುವುದನ್ನು ನೋಡಲು ಅವನ ತಾಯಿಯೂ ಬಂದಳು. ಜೊತೆಗೆ ಕೇರಿಯವರನ್ನೆಲ್ಲ ಕರೆತಂದಿದ್ದಳು.

ಹಾರುವ ಮೊದಲು ಟ್ಯಾಂಕಿನ ತಳದಿಂದ ಒಂದು ಲೋಟ ಪೆಟ್ರೋಲ್ ಇಳಿಸಿ ನೋಡುವುದು ಪೈಲಟ್‌ಗಳ ಪದ್ಧತಿ. ನೀರು ಬೆರೆತಿದ್ದರೆ ಅದು ಲೋಟದ ಅಡಿಯಲ್ಲಿ ನಿಲ್ಲುತ್ತದೆ, ಅದಕ್ಕೂ ಮೇಲಿನ ಪೆಟ್ರೋಲಿಗೂ ನಡುವೆ ಗೆರೆ ಕಾಣುತ್ತದೆ. ಪೆಟ್ರೋಲಿನ ಗುರುತು ತಿಳಿಯಲೆಂದು ಅದಕ್ಕೆ ತಿಳಿನೀಲಿ ಬಣ್ಣವನ್ನೂ ಹಾಕಿರುತ್ತಾರೆ. ಹೊಸಬ ಪದ್ಧತಿ ಮರೆಯಲಿಲ್ಲ. ಗಾಜಿನ ಲೋಟವನ್ನು ಬಿಸಿಲಿಗೆ ಹಿಡಿದ. ಗೆರೆಯಿರಲಿಲ್ಲ. ಬಣ್ಣ ಮಾತ್ರ ಯಾಕೋ ಕಾಣುತ್ತಿಲ್ಲವಲ್ಲ ಎನ್ನಿಸಿ ಇನ್ನೊಮ್ಮೆ ಎತ್ತಿ ಹಿಡಿಯುವಷ್ಟರಲ್ಲಿ ವ್ಯಾಪಾರಿ ಬಂದು ಪಕ್ಕದಲ್ಲಿ ನಿಂತ.

"ಏನಪ್ಪಾ, ಅನುಮಾನವಿದ್ದರೆ ಈಗಲೇ ಹೇಳಿಬಿಡು. ನಿನ್ನಂಥವರು ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ."

"ಇಲ್ಲ ಸಾರ್, ಒಂದು ಗೆರೆಯೂ ಇಲ್ಲ," ಎಂದ ಹೊಸಬ.

ಅವನು ಸುಳ್ಳು ಹೇಳಲಿಲ್ಲ. ಲೋಟದಲ್ಲಿದ್ದದ್ದು ಬರೀ ನೀರು. ಅಡಿಯಿಂದ ಮುಡಿಯವರೆಗೆ ನೀರೇ ಆದಾಗ ಗೆರೆ ಎಲ್ಲಿಂದ ಬರಬೇಕು?

ಕೊಳವೆಯಲ್ಲಿ ಉಳಿದಿದ್ದ ಪೆಟ್ರೋಲಿನಿಂದ ಇಂಜಿನ್ ಶುರುವಾಯಿತು. ವಿಮಾನ ನೆಲ ಬಿಟ್ಟಿತು. ಕೇರಿಯವರು ಚಪ್ಪಾಳೆ ತಟ್ಟಿದರು. ಮರಗಳನ್ನು ದಾಟುವ ಮೊದಲೇ ಇಂಜಿನ್ ನಿಂತುಹೋಯಿತು.

ಹೆಣ ಹೊರಗೆ ತೆಗೆದ ಮೇಲೆ ತಾಯಿ ಒಂದೇ ಮಾತು ಕೇಳಿದಳು: "ನನ್ನ ಮಗ ನೋಡದೆ ಹತ್ತಿದನೇ?" ಇಲ್ಲಮ್ಮ, ನೋಡಿಯೇ ಹತ್ತಿದ, ನಾವೆಲ್ಲ ಕಣ್ಣಾರೆ ಕಂಡೆವು ಎಂದರು ಜನ. ವ್ಯಾಪಾರಿಯೂ ಅದನ್ನೇ ಹೇಳಿದ. ಅವನಿಗೆ ಆ ಮಾತಿನಿಂದ ಅನುಕೂಲವೇ ಆಯಿತು.

ಗುರುಗಳು ಕತೆ ನಿಲ್ಲಿಸಿದರು. ನಿರಂಜನನಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಾಗಿ ಬಂತು. ಅವನ ಚೀಲ ಆಗಲೇ ಕಟ್ಟಿಯಾಗಿತ್ತು.

"ಅವನು ದಡ್ಡ ಗುರುಗಳೇ. ಗೆರೆ ಇಲ್ಲದಿದ್ದರೆ ಬಣ್ಣ ನೋಡಬೇಕಿತ್ತು. ಅದನ್ನು ನೀವು ಮೊದಲ ವಾರವೇ ಕಲಿಸುತ್ತೀರಿ."

"ಅವನಿಗೂ ಕಲಿಸಿದ್ದೆ ಮಗು. ಒಂದು ಕೊರತೆಯೂ ಕಾಣದ ನಿನ್ನ ಮಾಲೀಕನಲ್ಲಿ ನೀನು ಹುಡುಕಿದ್ದು ಗೆರೆಯನ್ನೋ, ಬಣ್ಣವನ್ನೋ?" ಎಂದರು ಗುರುಗಳು.