ಒಂಬತ್ತು ಊರಿನ ಮಂಡಳಿ

"ಗುರುಗಳೇ, ಒಬ್ಬನು ತಪ್ಪು ಮಾಡಿದರೆ ಅದು ಅವನ ತಪ್ಪು. ಅಷ್ಟು ನನಗೆ ತಿಳಿಯುತ್ತದೆ. ಆದರೆ ಹಲವರು ಕೂಡಿ ಕುಳಿತು, ನಿಯಮದ ಪ್ರಕಾರ, ಯಾರ ಮೇಲೂ ಹಗೆಯಿಲ್ಲದೆ ಒಂದು ತೀರ್ಮಾನ ಮಾಡುತ್ತಾರೆ. ಅದರಿಂದ ಕೇಡಾದರೆ ಆ ತಪ್ಪು ಯಾರದು?"

ಕೇಳಿದವನು ಆರಾಧ್ಯ. ಮಠಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಸರ್ಕಾರಿ ಕಚೇರಿಗಳಲ್ಲಿ ಸಭೆಗಳ ನಡಾವಳಿ ಬರೆದವನು. ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿಟ್ಟು ಈ ಕತೆ ಹೇಳಿದರು.

ಒಂದು ನಗರವಿತ್ತು. ಅದರ ಸುತ್ತ ಎಂಟು ಊರುಗಳಿದ್ದವು. ನಗರ ಬೆಳೆಯಿತು, ಊರುಗಳೂ ಬೆಳೆದವು. ಒಂದರ ಹಿತ್ತಿಲು ಇನ್ನೊಂದರ ಅಂಗಳವಾಯಿತು. ಆದರೆ ರಸ್ತೆ ಮಾತ್ರ ಒಬ್ಬೊಬ್ಬರದು ಒಂದೊಂದು ದಿಕ್ಕು. ಒಂದು ಊರಿನವರು ತಮ್ಮ ಗಡಿಯವರೆಗೆ ಡಾಂಬರು ಹಾಕಿ ನಿಲ್ಲಿಸುತ್ತಿದ್ದರು. ಪಕ್ಕದ ಊರಿನ ರಸ್ತೆ ಅಲ್ಲಿಂದ ನೂರು ಮಾರು ಆಚೆ ಶುರುವಾಗುತ್ತಿತ್ತು. ಇವರ ಬಸ್ಸು ಬರುವಷ್ಟರಲ್ಲಿ ಅವರ ಬಸ್ಸು ಹೊರಟುಹೋಗಿರುತ್ತಿತ್ತು. ಇದನ್ನು ನೋಡಿ ಸರ್ಕಾರ ಒಂದು ಮಾತು ಹೇಳಿತು: ಒಂಬತ್ತು ಊರಿನವರೂ ಒಂದು ಮೇಜಿನ ಸುತ್ತ ಕುಳಿತು ಒಂದೇ ಯೋಜನೆ ಮಾಡಿಕೊಂಡು ಬನ್ನಿ, ಆಗ ಅನುದಾನ ಬಿಡುತ್ತೇವೆ.

ಹಾಗೆ ಸಂಚಾರ ಯೋಜನಾ ಮಂಡಳಿ ಹುಟ್ಟಿತು. ಊರಿಗೊಬ್ಬ ಸದಸ್ಯ, ಸದಸ್ಯನಿಗೊಂದು ಮತ. ಮಂಡಳಿ ತಾನಾಗಿ ಒಂದು ಬುಟ್ಟಿ ಜಲ್ಲಿಯನ್ನೂ ಸುರಿಯುತ್ತಿರಲಿಲ್ಲ. ಇಪ್ಪತ್ತು ವರ್ಷಕ್ಕೆ ಒಂದು ನಕ್ಷೆ ಬರೆಯುತ್ತಿತ್ತು, ನಾಲ್ಕು ವರ್ಷಕ್ಕೆ ಒಂದು ಪಟ್ಟಿ ಮಾಡುತ್ತಿತ್ತು. ಪಟ್ಟಿಯಲ್ಲಿದ್ದ ಕೆಲಸ ಆಗುತ್ತಿತ್ತು. ಇಲ್ಲದ ಕೆಲಸ ಆಗುತ್ತಿರಲಿಲ್ಲ.

ಏರ್ಪಾಡು ಕೆಟ್ಟದ್ದೇನಲ್ಲ. ಕೂಡಿ ಕುಳಿತು ಯೋಚಿಸುವುದು ಒಳ್ಳೆಯದೇ. ಆದರೆ ಒಂಬತ್ತರಲ್ಲಿ ಒಂದು ಊರು ಕೆಳಗಿನೂರು. ಅಲ್ಲಿ ನಲವತ್ತು ಸಾವಿರ ಜನ. ಬೆಳಗಾದರೆ ನಗರಕ್ಕೆ ಹೋಗಿ ಕಸ ಗುಡಿಸುವವರು, ಬಟ್ಟೆ ಹೊಲಿಯುವವರು, ಅಡುಗೆ ಮಾಡುವವರು. ಇನ್ನೊಂದು ಗುಡ್ಡದ ಮೇಲಿನ ಹೊಸ ಊರು. ಅಲ್ಲಿ ನಾಲ್ಕು ಸಾವಿರ ಜನ, ಮನೆಗೆ ಎರಡು ಕಾರು. ಇವರಿಗೂ ಒಂದು ಮತ, ಅವರಿಗೂ ಒಂದು ಮತ.

ಮಂಡಳಿಯ ಮೊದಲ ಪಟ್ಟಿಯಲ್ಲಿ ರಿಂಗ್ ರಸ್ತೆ ಇತ್ತು. ಆರು ಸಾಲು ವಾಹನ ಓಡುವ ರಸ್ತೆ. ಅದು ಕೆಳಗಿನೂರಿಗೂ ಅದರ ಬಸ್ ನಿಲ್ದಾಣಕ್ಕೂ ನಡುವೆ ಹಾದುಹೋಯಿತು. ಎರಡು ಮೈಲಿಯವರೆಗೆ ದಾಟಲು ಒಂದು ಜಾಗ ಬಿಡಲಿಲ್ಲ. ಬೇಕೆಂದೇ ಬಿಡಲಿಲ್ಲ ಎಂದಲ್ಲ. ಯಾರಿಗೂ ಅದು ಹೊಳೆಯಲಿಲ್ಲ.

ಆ ಊರಿನಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸಿದ್ದಳು. ನಗರದ ಆಸ್ಪತ್ರೆಯಲ್ಲಿ ರೋಗಿಗಳ ಹೊದಿಕೆ ಒಗೆಯುವುದು ಅವಳ ಕೆಲಸ. ಅವಳ ತಂಗಿ ನಿಂಗಾಜಮ್ಮನಿಗೂ ಅದೇ ಕೆಲಸ. ದಿನವೂ ಬೆಳಿಗ್ಗೆ ಇಬ್ಬರೂ ರಸ್ತೆಯ ಅಂಚಿನಲ್ಲಿ ಕೈ ಕೈ ಹಿಡಿದು ನಿಲ್ಲುತ್ತಿದ್ದರು. ವಾಹನಗಳ ನಡುವೆ ಒಂದು ಸಂದು ಸಿಕ್ಕಿದೊಡನೆ ಓಡುತ್ತಿದ್ದರು. ಒಂದು ದಿನ ಓಡುವಾಗ ನಿಂಗಾಜಮ್ಮನ ಕಾಲಿನ ಚಪ್ಪಲಿ ಕಳಚಿತು. ಅವಳು ಅದಕ್ಕಾಗಿ ಹಿಂದಕ್ಕೆ ತಿರುಗಿದಳು. ಲಾರಿ ನಿಲ್ಲಲಿಲ್ಲ. ಕೈ ಬಿಟ್ಟದ್ದು ತಾನೋ ತಂಗಿಯೋ ಎಂಬುದು ಚಿಕ್ಕತಾಯಮ್ಮನಿಗೆ ಎಂದಿಗೂ ಗೊತ್ತಾಗಲಿಲ್ಲ.

ತಿಥಿ ಮುಗಿದ ಮರುದಿನ ಅವಳು ನಗರದ ಕಚೇರಿಗೆ ಹೋದಳು. ದಾಟಲು ಒಂದು ಕಾಲುಸೇತುವೆ ಬೇಕು ಎಂದಳು. ಆ ರಸ್ತೆ ನಮ್ಮದಲ್ಲ ಎಂದರು. ರಸ್ತೆ ಇಲಾಖೆಗೆ ಹೋದಳು. ಮಂಡಳಿ ಪಟ್ಟಿಯಲ್ಲಿ ಬರೆದದ್ದನ್ನು ನಾವು ಕಟ್ಟಿದೆವು, ಕಾಲುಸೇತುವೆ ಬರೆದಿರಲಿಲ್ಲ ಎಂದರು. ಮಂಡಳಿಗೆ ಹೋದಳು. ಅಲ್ಲಿ ಒಬ್ಬ ಗುಮಾಸ್ತ ಕುರ್ಚಿ ಕೊಟ್ಟು ಕೂರಿಸಿ ಸಮಾಧಾನವಾಗಿ ಹೇಳಿದ: "ಅಮ್ಮ, ಮುಂದಿನ ಪಟ್ಟಿ ಈ ವರ್ಷ ಆಗುತ್ತದೆ. ಅದಕ್ಕೆ ಮುಂಚೆ ಎಣಿಕೆಯವರು ಬರುತ್ತಾರೆ. ಎಣಿಕೆಯಲ್ಲಿ ನಿಮ್ಮ ಊರಿನ ಸಂಚಾರ ಕಂಡರೆ ಪಟ್ಟಿಗೆ ಸೇರುತ್ತದೆ."

ಅವಳು ಆ ಮಾತನ್ನು ನಂಬಿದಳು.

ಎಣಿಕೆಯವರು ಬಂದರು. ಇಬ್ಬರು ರಸ್ತೆಯ ಬದಿಯಲ್ಲಿ ಕೊಡೆ ನೆಟ್ಟು ಎರಡು ದಿನ ಕುಳಿತರು. ಚಿಕ್ಕತಾಯಮ್ಮ ಅವರಿಗೆ ಮಜ್ಜಿಗೆ ತಂದುಕೊಟ್ಟಳು. ಅವರ ಕೈಯಲ್ಲಿದ್ದ ಹಾಳೆಯನ್ನು ನೋಡಿದಳು. ಕಾರು, ಬಸ್ಸು, ಲಾರಿ, ಸ್ಕೂಟರು, ಎಲ್ಲಕ್ಕೂ ಒಂದೊಂದು ಮನೆ ಇತ್ತು.

"ನಮ್ಮನ್ನ ಎಲ್ಲಿ ಬರ್ಕೊಂಡ್ರಿ ಸ್ವಾಮಿ?" ಎಂದು ಕೇಳಿದಳು.

"ನಡೆಯೋರಿಗೆ ಇದರಲ್ಲಿ ಕಾಲಂ ಇಲ್ಲಮ್ಮ" ಎಂದ ಒಬ್ಬ. ಅವನಿಗೂ ಅದು ಸರಿ ಎನಿಸಲಿಲ್ಲ. ಆದರೆ ಹಾಳೆ ಅವನು ಮಾಡಿದ್ದಲ್ಲ.

ಅವಳಿಗೆ ಸಿಟ್ಟು ಬಂತು. ಸಿಟ್ಟನ್ನು ತಡೆದುಕೊಂಡು ಮನೆಮನೆಗೆ ಹೋದಳು. ರಸ್ತೆಯ ಅಂಚಿನಲ್ಲಿ ಒಂದು ಗುಡಾಣ ಇಟ್ಟಳು. ದಾಟುವ ಪ್ರತಿಯೊಬ್ಬರೂ ಒಂದು ಹುಣಸೆ ಬೀಜ ಹಾಕಬೇಕು ಎಂದಳು. ಏಳು ದಿನ ಹಾಕಿದರು. ಗುಡಾಣ ತುಂಬಿ ಚೀಲಕ್ಕೆ ಸುರಿದರು, ಚೀಲವೂ ತುಂಬಿತು. ಹೆಂಗಸರು ಚಾಪೆ ಹಾಸಿ ಕುಳಿತು ಎಣಿಸಿದರು. ಐವತ್ತೆಂಟು ಸಾವಿರದ ಮುನ್ನೂರು ಬೀಜ.

ಮಂಡಳಿ ಸಾರ್ವಜನಿಕರ ಅಹವಾಲು ಕೇಳುವ ದಿನ ಬಂತು. ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮಂಡಳಿಯ ಕಟ್ಟಡ ಗುಡ್ಡದ ಮೇಲಿನ ಹೊಸ ಊರಿನ ಪಕ್ಕದಲ್ಲಿತ್ತು. ಅಲ್ಲಿಗೆ ನೇರ ಬಸ್ಸಿರಲಿಲ್ಲ. ಕೆಳಗಿನೂರಿನಿಂದ ನೂರಹತ್ತು ಜನ ಹೊರಟರು. ಮೂರು ಬಸ್ಸು ಬದಲಿಸಿ, ಏರು ಹತ್ತಿ, ಸಭೆ ಮುಗಿಯುವ ಮೊದಲು ತಲುಪಿದವರು ಹದಿನೆಂಟು ಜನ. ಉಳಿದವರು ದಾರಿಯಲ್ಲಿ ಬಸ್ಸು ಕಾಯುತ್ತಿದ್ದರು.

ಮೇಜಿನ ಸುತ್ತ ಒಂಬತ್ತು ಜನ ಕುಳಿತಿದ್ದರು. ಕೆಳಗಿನೂರಿನ ಸದಸ್ಯ ಒಬ್ಬ ಅಕ್ಕಿ ವ್ಯಾಪಾರಿ. ಊರಿನವನೇ, ಒಳ್ಳೆಯವನೇ. ನಿಂಗಾಜಮ್ಮನ ಮಣ್ಣಿಗೂ ಬಂದಿದ್ದವನು. ಚಿಕ್ಕತಾಯಮ್ಮನಿಗೆ ಮಾತಾಡಲು ಮೂರು ನಿಮಿಷ ಕೊಟ್ಟರು. ಅವಳು ಚೀಲವನ್ನು ಮೇಜಿನ ಮೇಲೆ ಇಟ್ಟಳು.

"ಒಂದೊಂದು ಬೀಜವೂ ಒಂದೊಂದು ಸಲ ಜೀವ ಕೈಲಿ ಹಿಡ್ಕೊಂಡು ಓಡಿದ್ದು. ನಿಮ್ಮ ಹಾಳೇಲಿ ನಾವಿಲ್ಲ. ಇದರಲ್ಲಿ ಇದ್ದೀವಿ. ನೋಡ್ಕೊಳ್ಳಿ" ಎಂದಳು.

ಅಧ್ಯಕ್ಷರು ಕೈ ಮುಗಿದರು. ತುಂಬ ಒಳ್ಳೆಯ ವಿಚಾರ ತಂದಿದ್ದೀರಿ, ದಾಖಲಿಸಿಕೊಳ್ಳುತ್ತೇವೆ ಎಂದರು. ತಜ್ಞನೊಬ್ಬ ಎದ್ದು, ತಮ್ಮ ಲೆಕ್ಕಾಚಾರದಲ್ಲಿ ಕೆಳಗಿನೂರಿನ ಕಡೆ ಸಂಚಾರ ತೀರ ಕಡಿಮೆ ಎಂದು ಗೋಡೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿದ. ಪಟ್ಟಿಯ ಮೊದಲ ಕೆಲಸವನ್ನು ಓದಿದರು. ಗುಡ್ಡದ ಮೇಲಿನ ಊರಿನಿಂದ ರಿಂಗ್ ರಸ್ತೆಗೆ ಇಳಿಯಲು ಒಂದು ಫ್ಲೈಓವರ್. ಅದರಿಂದ ಪ್ರತಿ ಕಾರಿಗೆ ನಾಲ್ಕು ನಿಮಿಷ ಉಳಿಯುತ್ತದೆ. ಒಪ್ಪುವವರು ಕೈ ಎತ್ತಿ ಎಂದರು. ಎಂಟು ಕೈ ಎದ್ದವು. ಅಕ್ಕಿ ವ್ಯಾಪಾರಿ ಒಮ್ಮೆ ಚಿಕ್ಕತಾಯಮ್ಮನ ಮುಖ ನೋಡಿದ. ಆಮೇಲೆ ಅವನ ಕೈಯೂ ಎದ್ದಿತು.

ಹೊರಗೆ ಮೆಟ್ಟಿಲ ಬಳಿ ಅವಳು ಅವನನ್ನು ನಿಲ್ಲಿಸಿದಳು.

"ನಾನೊಬ್ಬ ಬೇಡ ಅಂದಿದ್ದರೆ ಏನಾಗುತ್ತಿತ್ತು ತಾಯಿ?" ಎಂದ ವ್ಯಾಪಾರಿ. "ಎಂಟು ಕೈ ಎದ್ದಾಗಿತ್ತು. ಅವರ ಜೊತೆ ಇದ್ದರೆ ಮುಂದಿನ ಸಲ ನಮ್ಮದನ್ನೂ ಕೇಳಬಹುದು."

"ಮುಂದಿನ ಸಲದವರೆಗೆ ಯಾರ್ಯಾರು ಹೋಗಬೇಕು ಅಂತ ನೀವೇ ಹೇಳಿಬಿಡಿ ಅಣ್ಣ" ಎಂದಳು.

ಅವನು ಕಾರು ಹತ್ತಿದ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಕೆಲಸಕ್ಕೆ ರಜೆ ಹಾಕಿ ಉಳಿದ ಎಂಟು ಜನರ ಮನೆಗೂ ಹೋದಳು. ಎಲ್ಲರೂ ಮರ್ಯಾದೆಯಿಂದ ಮಾತಾಡಿಸಿದರು. ಒಬ್ಬರ ಮನೆಯಲ್ಲಿ ಕಾಫಿ ಕೊಟ್ಟರು. ಒಬ್ಬರು ಅವಳ ತಂಗಿಯ ಸಾವು ಕೇಳಿ ಕಣ್ಣು ಒರೆಸಿಕೊಂಡರು. ತಜ್ಞರು ಹೇಳಿದ್ದಕ್ಕೆ ನಾವು ಒಪ್ಪಿದೆವು ಎಂದರು ಸದಸ್ಯರು. ಕೊಟ್ಟ ಅಂಕಿಗೆ ನಾನು ಲೆಕ್ಕ ಮಾಡಿದೆ ಎಂದ ತಜ್ಞ. ಅಧ್ಯಕ್ಷರು, ನಾನು ಸಭೆ ನಡೆಸುವವನು ಮಾತ್ರ, ತೀರ್ಮಾನ ಸಭೆಯದು ಎಂದರು. ಊರೂರು ಅಲೆದು ಚಿಕ್ಕತಾಯಮ್ಮನ ಹಿಮ್ಮಡಿ ಒಡೆಯಿತು. ಬೈಯಲು ಒಂದು ಮುಖ ಸಿಗಲಿಲ್ಲ. ಒಳಗಿನ ಬೆಂಕಿಯನ್ನು ಒಳಗೇ ಇಟ್ಟುಕೊಂಡು ಮನೆಗೆ ಬಂದಳು.

ನಡಾವಳಿ ಅಚ್ಚಾಗಿ ಬಂತು. ಅದರಲ್ಲಿ ಹೀಗಿತ್ತು: ಕೆಳಗಿನೂರಿನ ನಿವಾಸಿಗಳ ಸಲಹೆಯನ್ನು ದಾಖಲಿಸಿಕೊಳ್ಳಲಾಯಿತು. ಪಟ್ಟಿಯನ್ನು ಮಂಡಳಿ ಸರ್ವಾನುಮತದಿಂದ ಅಂಗೀಕರಿಸಿತು.

ಒಂದೂವರೆ ವರ್ಷದಲ್ಲಿ ಫ್ಲೈಓವರ್ ಆಯಿತು. ಗುಡ್ಡದಿಂದ ಇಳಿದ ಕಾರುಗಳು ಬಾಣದಂತೆ ಬರತೊಡಗಿದವು. ಮೊದಲು ಸಿಗುತ್ತಿದ್ದ ಸಂದೂ ಈಗ ಇಲ್ಲವಾಯಿತು. ಆ ವರ್ಷ ಒಬ್ಬ ಮುದಿ ನೇಕಾರ ಸತ್ತ. ಆಷಾಢದಲ್ಲಿ ಶಾಲೆಗೆ ಹೊರಟಿದ್ದ ಇಬ್ಬರು ಹುಡುಗಿಯರು ಒಂದೇ ಕ್ಷಣದಲ್ಲಿ ಸತ್ತರು. ಪಾದಚಾರಿಗಳ ಅಜಾಗರೂಕತೆ ಎಂದು ಪೊಲೀಸರು ಬರೆದುಕೊಂಡರು.

ಹುಡುಗಿಯರನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಚಿಕ್ಕತಾಯಮ್ಮ ಒಂದು ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ರಸ್ತೆಗೆ ಬಂದಳು. ಅವಳ ಹಿಂದೆ ನಲವತ್ತು ಹೆಂಗಸರು ಬಂದರು. ರಸ್ತೆಗೆ ಅಡ್ಡಲಾಗಿ ಒಂದು ಹಗ್ಗ ಹಿಡಿದರು. ಹಗ್ಗಕ್ಕೆ ಕೆಂಪು ಸೀರೆಯ ಚೂರುಗಳನ್ನು ಕಟ್ಟಿದ್ದರು. ವಾಹನಗಳು ನಿಂತವು. ಚಿಕ್ಕತಾಯಮ್ಮ ಮಂಡಿಯೂರಿ ಡಾಂಬರಿನ ಮೇಲೆ ಬಿಳಿ ಪಟ್ಟೆ ಎಳೆದಳು. ಕಾರಿನವರು ಹಾರನ್ ಒತ್ತಿದರು, ಬೈದರು. ಅವಳು ತಲೆ ಎತ್ತಲಿಲ್ಲ. ಅಂದಿನಿಂದ ಬೆಳಿಗ್ಗೆ, ಸಂಜೆ ಹೆಂಗಸರು ಸರದಿಯ ಮೇಲೆ ಹಗ್ಗ ಹಿಡಿದರು. ಜನ ಗುಂಪಾಗಿ ದಾಟುತ್ತಿದ್ದರು. ದಾಟಿದ ಮೇಲೆ ಹಗ್ಗ ಇಳಿಸುತ್ತಿದ್ದರು. ಒಂಬತ್ತು ದಿನ ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ.

ಹತ್ತನೆಯ ದಿನ ಪೊಲೀಸ್ ಜೀಪು ಬಂತು. ಸಾರ್ವಜನಿಕ ರಸ್ತೆಗೆ ಅಡ್ಡಿ ಎಂದು ಮೊಕದ್ದಮೆ ಹಾಕಿದರು. ರಸ್ತೆ ಬಂದ ದಿನದಿಂದ ಅದರ ಬಗ್ಗೆ ಎಷ್ಟೋ ಕಾಗದ ಹುಟ್ಟಿದ್ದವು. ಯಾವುದರಲ್ಲೂ ಇಂಥವನು ಮಾಡಿದ ಎಂದು ಒಬ್ಬನ ಹೆಸರಿರಲಿಲ್ಲ. ಈ ಕಾಗದದಲ್ಲಿ ಇತ್ತು. ಆರೋಪಿ, ಚಿಕ್ಕತಾಯಮ್ಮ.

ನ್ಯಾಯಾಧೀಶರು ಮೆದುವಾಗಿಯೇ ಹೇಳಿದರು: "ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಹೋಗಮ್ಮ."

"ನಾಳೆ ಬೆಳಿಗ್ಗೆ ದಾಟಬೇಕಲ್ಲ ಸ್ವಾಮಿ. ಹೆಂಗೆ ಬರೆದುಕೊಡಲಿ?" ಎಂದಳು.

ಅವಳನ್ನು ಹದಿನೈದು ದಿನ ಜೈಲಿಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಹಗ್ಗ ಹಿಡಿಯಲು ನಾನೂರು ಜನ ಬಂದರು. ಸತ್ತ ಇಬ್ಬರು ಹುಡುಗಿಯರ ತಾಯಂದಿರು ಮುಂದೆ ನಿಂತರು. ಜೀಪು ಬಂತು, ನಿಂತು ನೋಡಿತು, ಹಿಂದಕ್ಕೆ ಹೋಯಿತು. ಗುಡ್ಡದ ಮೇಲಿನವರ ಕಾರುಗಳು ಫ್ಲೈಓವರಿನ ತುದಿಯವರೆಗೆ ಸಾಲುಗಟ್ಟಿದವು. ನಾಲ್ಕು ನಿಮಿಷ ಉಳಿಸಿದ್ದವರಿಗೆ ನಲವತ್ತು ನಿಮಿಷ ಹೋಗತೊಡಗಿತು. ಪತ್ರಿಕೆಗಳಲ್ಲಿ ಫೋಟೋ ಬಂತು. ಆರನೆಯ ದಿನ ಮಂಡಳಿಯ ತುರ್ತು ಸಭೆ ಕರೆದರು. ನಾಲ್ಕು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತದೆ ಎನ್ನುತ್ತಿದ್ದ ಪಟ್ಟಿ ಒಂದು ಮಧ್ಯಾಹ್ನದಲ್ಲಿ ತೆರೆಯಿತು. ಕಾಲುಸೇತುವೆ ಅದರೊಳಗೆ ಬಂತು. ಅದಕ್ಕೆ ಎಣಿಕೆ ಬೇಕಾಗಲಿಲ್ಲ, ತಜ್ಞನೂ ಬೇಕಾಗಲಿಲ್ಲ. ಅದೇ ಒಂಬತ್ತು ಕೈ ಎದ್ದವು, ಅಷ್ಟೆ.

ಈ ಸುದ್ದಿಯನ್ನು ಜೈಲಿನಲ್ಲಿ ಚಿಕ್ಕತಾಯಮ್ಮನಿಗೆ ಹೇಳಿದಾಗ ಅವಳಿಗೆ ಸಂತೋಷವಾಗಲಿಲ್ಲ. ಒಂದು ಮಧ್ಯಾಹ್ನದಲ್ಲಿ ಆಗುವ ಕೆಲಸವಾಗಿತ್ತೇ ಇದು ಎಂದು ಕೇಳಿದಳು. ಗೋಡೆಗೆ ಕೈ ಬಡಿದು ಅತ್ತಳು. ತಂಗಿ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ಎಂಟು ತಿಂಗಳಿಗೆ ಸೇತುವೆ ಮುಗಿಯಿತು. ಉದ್ಘಾಟನೆಗೆ ಒಂಬತ್ತು ಜನರೂ ಬಂದರು. ಚಿಕ್ಕತಾಯಮ್ಮನನ್ನು ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮರುದಿನ ಕೆಲಸಕ್ಕೆ ಹೋಗುವಾಗ ಅವಳು ಮೆಟ್ಟಿಲ ಬುಡದಲ್ಲಿ ಕಪ್ಪು ಕಲ್ಲೊಂದನ್ನು ನೋಡಿದಳು. ಚಿನ್ನದ ಬಣ್ಣದ ಅಕ್ಷರ. ಅವಳಿಗೆ ಓದು ನಿಧಾನ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಾಗರಿಕರ ಸುರಕ್ಷತೆಗಾಗಿ ಈ ಸೇತುವೆಯನ್ನು ಮಂಜೂರು ಮಾಡಿದವರು ಎಂದು ಮೇಲೆ ಬರೆದಿತ್ತು. ಕೆಳಗೆ ಒಂಬತ್ತು ಹೆಸರು. ಅಧ್ಯಕ್ಷರದು ಮೊದಲು, ಅಕ್ಕಿ ವ್ಯಾಪಾರಿಯದು ಕೊನೆಗೆ. ತಂದೆಯ ಹೆಸರು, ಪದವಿ, ಊರು, ಒಂದೂ ಬಿಟ್ಟಿರಲಿಲ್ಲ.

ಅವಳು ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಮೆಟ್ಟಿಲು ಹತ್ತಿ ಆಸ್ಪತ್ರೆಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಕೊನೆಕೊನೆಗೆ ಗಡುಸಾಗಿತ್ತು. ಆರಾಧ್ಯ ಕೇಳಿದ:

"ಕತೆ ತಿಳಿಯಿತು ಗುರುಗಳೇ. ಆದರೆ ಆ ಮುದುಕನೂ ಆ ಇಬ್ಬರು ಹುಡುಗಿಯರೂ ಸತ್ತದ್ದಕ್ಕೆ ಹೊಣೆ ಯಾರು ಎಂದು ನೀವು ಹೇಳಲಿಲ್ಲ. ಕಾರುಗಳನ್ನು ಆ ದಾರಿಗೆ ಇಳಿಸಿದ ತೀರ್ಮಾನ ಮಂಡಳಿಯದು. ಅದರಲ್ಲಿ ಯಾರ ಹೆಸರೂ ಇರಲಿಲ್ಲವಲ್ಲ?"

"ಹೆಸರು ಬೇಕಾದರೆ ಆ ಕಲ್ಲಿನ ಮೇಲಿವೆ, ಹೋಗಿ ಓದಿಕೋ" ಎಂದರು ಗುರುಗಳು.